ಎಸಿಎಲ್ ಆಪರೇಷನ್ ಆದ ಮೇಲೆ ಗ್ರಾಫ್ಟ್ ಮೂಳೆಗೆ ಬೇಗ ಕೂಡಿಕೊಳ್ಳಲು ಏನು ಮಾಡಬೇಕು?

ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಲಿಗಮೆಂಟ್, ಅಂದರೆ ಕಟ್ಟು) ಆಪರೇಷನ್ ಆಗಿ ಒಂಬತ್ತು ವಾರ, ತೊಡೆಯ ಹಿಂಭಾಗದ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ತೆಗೆದು ಅದರ ಜಾಗದಲ್ಲಿ ಕೂರಿಸಿದ್ದಾರೆ, ನೋವೇ ಇಲ್ಲ. ಅದು ಬೇಗ ಕೂಡಿಕೊಳ್ಳಲು ಪಿಆರ್‌ಪಿ (ನಮ್ಮದೇ ರಕ್ತದಿಂದ ತೆಗೆದ, ಪ್ಲೇಟ್‌ಲೆಟ್ ಹೆಚ್ಚಿರುವ ದ್ರವ) ಇಂಜೆಕ್ಷನ್ ತಗೋಬಹುದಾ, ಓಡೋದು ಶುರು ಮಾಡಬಹುದಾ ಅಂತ ಕೇಳಿದ್ದೀರಿ. ನಾನು ಫಿಸಿಯೋಥೆರಪಿಸ್ಟ್. ನನಗೆ ಜಾಸ್ತಿ ಭಯ ಹುಟ್ಟಿಸುವ ಮಾತು ಈ "ನೋವೇ ಇಲ್ಲ" ಅನ್ನೋದು.

ಗ್ರಾಫ್ಟ್ ಅಂದರೆ ಕಸಿ. ಗಿಡಕ್ಕೆ ಕಸಿ ಕಟ್ಟುವಾಗ ಸುತ್ತಿದ ಪಟ್ಟಿ ರೆಂಬೆಯನ್ನು ಹಿಡಿದಿರುತ್ತದೆ ಅಷ್ಟೇ, ಕೂಡಿಸುವುದು ಗಿಡವೇ. ನಿಮ್ಮ ಮಂಡಿಯೊಳಗಿನ ಸ್ಕ್ರೂ ಅಥವಾ ಬಟನ್ ಕೆಲಸವೂ ಅಷ್ಟೇ. "ಸ್ಕ್ರೂ ಹಾಕಿದ್ದಾರಲ್ಲ, ಇನ್ನೇನು?" ಅಂತ ಕೇಳದ ಪೇಷಂಟ್ ಕಡಿಮೆ!

ಮೂಳೆಯಲ್ಲಿ ಕೊರೆದ ಸುರಂಗಕ್ಕೂ ಟೆಂಡನ್‌ಗೂ ನಡುವಿನ ಸಂದಿಯಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಆಮೇಲೆ ಗಾಯದ ಅಂಗಾಂಶ ತುಂಬುತ್ತದೆ. ಅದರೊಳಕ್ಕೆ ನಿಧಾನವಾಗಿ ಮೂಳೆ ಬೆಳೆಯುತ್ತದೆ. ಕೊಲಾಜೆನ್ ಎಳೆಗಳು ಬೇರಿನ ಹಾಗೆ ಟೆಂಡನ್‌ನಿಂದ ಮೂಳೆಗೆ ಇಳಿಯುತ್ತವೆ. ಇವಕ್ಕೆ ಶಾರ್ಪಿ ಎಳೆಗಳು ಅನ್ನುತ್ತಾರೆ. ಹುಟ್ಟಿನಿಂದ ಬಂದ ಲಿಗಮೆಂಟ್ ಹೀಗಿರುವುದಿಲ್ಲ. ಅಲ್ಲಿ ಲಿಗಮೆಂಟ್, ಮೆತ್ತನೆ ಮೃದ್ವಸ್ಥಿ, ಸುಣ್ಣ ಕೂಡಿದ ಮೃದ್ವಸ್ಥಿ, ಆಮೇಲೆ ಮೂಳೆ ಅಂತ ನಾಲ್ಕು ಪದರ ಒಂದಕ್ಕೊಂದು ಬೆರೆತಿರುತ್ತವೆ. ಆಪರೇಷನ್ ಆದ ಮೇಲೆ ಆ ಜೋಡಣೆ ಪೂರ್ತಿಯಾಗಿ ಮರಳಿ ಬರುವುದಿಲ್ಲ. ಬರುವುದು ಗಟ್ಟಿಯಾದ ತೇಪೆ.

1993ರಲ್ಲಿ ಪ್ರಕಟವಾದ, ನಾಯಿಗಳ ಮೇಲೆ ಮಾಡಿದ ಒಂದು ಪ್ರಯೋಗ ನೆನಪಿಡುವಂಥದ್ದು. ಎಂಟನೇ ವಾರದವರೆಗೂ ಎಳೆದರೆ ಟೆಂಡನ್ ಸುರಂಗದಿಂದಲೇ ಜಾರಿ ಬರುತ್ತಿತ್ತು. ಹನ್ನೆರಡನೇ ವಾರಕ್ಕೆ ಸುರಂಗದಲ್ಲಿ ಹಿಡಿತ ಬಂದಿತ್ತು. ನಾಯಿಯ ಲೆಕ್ಕ ಮನುಷ್ಯರಿಗೆ ಹಾಗೇ ಹೊಂದುತ್ತೆ ಅಂತಲ್ಲ. ಆದರೆ ನೀವೀಗ ಒಂಬತ್ತನೇ ವಾರದಲ್ಲಿದ್ದೀರಿ, ಅಲ್ವಾ? ಸಾಲದ್ದಕ್ಕೆ ಈ ಹೊತ್ತಿಗೆ ಗ್ರಾಫ್ಟ್‌ನ ನಡುಭಾಗದಲ್ಲಿ ಹಳೆಯ ಜೀವಕೋಶಗಳು ಸತ್ತು, ಹೊಸ ರಕ್ತನಾಳಗಳು ನುಗ್ಗುತ್ತಿರುತ್ತವೆ. ಹಾಕಿದ ದಿನಕ್ಕಿಂತ ಅದು ಈಗ ಬಲಹೀನ. ಮಂಡಿ ಹಗುರ ಅನ್ನಿಸುವುದೂ ಇದೇ ಸಮಯಕ್ಕೆ.

ಪಿಆರ್‌ಪಿ ವಿಷಯ. ಸುರಂಗದೊಳಗೆ ಕೂಡಿಕೊಳ್ಳುವುದಕ್ಕೆ ಅದರಿಂದ ನಂಬಬಹುದಾದ ಲಾಭ ಕಂಡಿಲ್ಲ. ಮೂಳೆ ಬೆಳೆಸುವ ಪ್ರೋಟೀನ್‌ಗಳು, ಸ್ಟೆಮ್ ಸೆಲ್‌ಗಳು ಪ್ರಾಣಿಗಳಲ್ಲಿ ಆಸೆ ಹುಟ್ಟಿಸಿವೆ. ಮನುಷ್ಯರಲ್ಲಿ ಅವಿನ್ನೂ ಮಾಮೂಲಿ ಚಿಕಿತ್ಸೆ ಆಗಿಲ್ಲ. ನಾನಾಗಿದ್ದರೆ ಆ ದುಡ್ಡನ್ನು ಫಿಸಿಯೋಗೆ ಹಾಕುತ್ತಿದ್ದೆ. (ನನ್ನ ಕಸುಬಿನ ಪರ ಮಾತಾಡ್ತಿದ್ದೀನಿ ಅಂದುಕೊಂಡರೂ ಸರಿ.)

ಬೇಗ ಕೂಡಿಸುವ ಉಪಾಯಕ್ಕಿಂತ ಅಡ್ಡಿ ತಪ್ಪಿಸುವುದು ನಿಮ್ಮ ಕೈಲಿದೆ. ಸಿಗರೇಟು ಸೇದುತ್ತಿದ್ದರೆ ಬಿಡಿ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಈ ಗಾಯಕ್ಕೆ ಬೇಕಾಗಿರುವುದೇ ರಕ್ತ. ಸಕ್ಕರೆ ಕಾಯಿಲೆ ಇದ್ದರೆ ಹಿಡಿತದಲ್ಲಿಡಿ. ನೋವು, ಊತ ಇಳಿಸುವ ಕೆಲವು ಮಾತ್ರೆಗಳಿಂದ ಇಲಿಗಳಲ್ಲಿ ಟೆಂಡನ್ ಮೂಳೆಗೆ ಕೂಡಿಕೊಳ್ಳುವುದು ಕೆಟ್ಟಿತ್ತು. ಸುಮ್ನೆ ಅಂಗಡಿಯಲ್ಲಿ ಕೊಂಡು ನುಂಗಬೇಡಿ, ಸರ್ಜನ್ ಕೊಟ್ಟಿದ್ದರೆ ಅವರನ್ನೇ ಕೇಳಿ.

ಹಾಗಂತ ಕಾಲು ಚಾಚಿ ಮಲಗಬೇಡಿ. ಭಾರವೇ ಬೀಳದ ಮೂಳೆ ಸೊರಗುತ್ತದೆ, ಮಂಡಿ ಬಿಗಿಯುತ್ತದೆ. ಭಾರ ಮಿತಿಮೀರಿದರೆ ಗ್ರಾಫ್ಟ್ ಸುರಂಗದೊಳಗೆ ಅಲ್ಲಾಡಿ ಸುರಂಗವೇ ಅಗಲವಾಗಬಹುದು. ಈಗ ಸೈಕಲ್, ಗೋಡೆಗೆ ಒರಗಿ ಅರ್ಧ ಕೂರುವುದು, ಒಂಟಿ ಕಾಲಲ್ಲಿ ನಿಲ್ಲುವುದು ಇಂಥವು ಸಾಕು. ನಿಮ್ಮ ಫಿಸಿಯೋ ಬೇರೆ ಹೇಳಿದ್ದರೆ ಅವರ ಮಾತೇ ನಡೆಯಲಿ, ನಿಮ್ಮ ಮಂಡಿ ನೋಡಿರುವುದು ಅವರು.

ಓಟ? ಹನ್ನೆರಡು ವಾರಕ್ಕೆ ಮುಂಚೆ ಬೇಡ. ಆಮೇಲೂ ಊತ ಇರಬಾರದು, ಮಂಡಿ ಪೂರ್ತಿ ನೆಟ್ಟಗಾಗಬೇಕು, ತೊಡೆಯ ಬಲ ಅಳೆದು ನೋಡಿರಬೇಕು. ತಿರುಗಿ ಜಿಗಿಯುವ ಆಟಗಳಿಗೆ ಒಂಬತ್ತು ತಿಂಗಳಾದರೂ ಕಾಯಿರಿ. 2016ರ ಒಂದು ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು 51% ಇಳಿದಿತ್ತು.

ವ್ಯಾಯಾಮ ಮಾಡಿದ ಮರುದಿನ ಬೆಳಿಗ್ಗೆ ಎರಡೂ ಮಂಡಿ ಪಕ್ಕಪಕ್ಕ ಇಟ್ಟು ನೋಡಿ. ಆಪರೇಷನ್ ಆದದ್ದು ದಪ್ಪ ಕಂಡರೆ ಹಿಂದಿನ ದಿನದ ಕೆಲಸ ಜಾಸ್ತಿಯಾಗಿದೆ.