ಸಿಟಿಯಲ್ಲಿ ಎಷ್ಟು ಸುತ್ತಿದ್ರೂ ಪಾರ್ಕಿಂಗ್ ಯಾಕೆ ಸಿಗಲ್ಲ?
ಜಾಗ ಕಮ್ಮಿ ಅನ್ನೋದು ಅರ್ಧ ಕಾರಣ ಅಷ್ಟೇ. ರಸ್ತೆ ಬದಿ ಫ್ರೀ ಇದ್ರೆ ಬೆಳಿಗ್ಗೆ ಬಂದು ನಿಲ್ಲಿಸಿದವನು ಸಂಜೆವರೆಗೂ ಗಾಡಿ ತೆಗೆಯಲ್ಲ, ಐದು ನಿಮಿಷದ ಕೆಲಸಕ್ಕೆ ಬಂದವನು ಮಾತ್ರ ಯಾವ್ದಾದ್ರೂ ಕಾರಿನ ರಿವರ್ಸ್ ಲೈಟ್ ಹತ್ತುತ್ತಾ, ಯಾರಾದ್ರೂ ಕೀ ಹಿಡ್ಕೊಂಡು ಬರ್ತಿದ್ದಾರಾ ಅಂತ ನೋಡ್ತಾ ಅದೇ ಬೀದಿ ನಾಲ್ಕು ಸಲ ಸುತ್ತುತ್ತಾನೆ, ಹಿಂದಿನವರ ಹಾರ್ನ್ ಬೇರೆ. ಹೀಗೆ ಸುತ್ತೋರಿಂದಾನೇ ಟ್ರಾಫಿಕ್ ಇನ್ನೂ ಜಾಸ್ತಿ. ಅಮೆರಿಕದ ಪ್ರೊಫೆಸರ್ ಡೊನಾಲ್ಡ್ ಶೂಪ್ ಹೇಳ್ತಿದ್ದದ್ದು ಏನಂದ್ರೆ, ಸುಮಾರು 85% ಅಷ್ಟೇ ತುಂಬೋ ಹಾಗೆ ರೇಟ್ ಇಡಿ, ಆಗ ಪ್ರತಿ ಬೀದೀಲೂ ಒಂದೆರಡು ಜಾಗ ಖಾಲಿ ಇರುತ್ತೆ ಅಂತ. ದುಡ್ಡು ಕೊಡಿ ಅಂದ್ರೆ ಎಲ್ರಿಗೂ ಉರಿಯುತ್ತೆ ಬಿಡಿ, ನನಗೂ. ಸದ್ಯಕ್ಕೆ ಎರಡು ಬೀದಿ ಆಚೆ ನಿಲ್ಲಿಸಿ ನಡ್ಕೊಂಡು ಹೋಗಿ, ಬಾಗಿಲ ಮುಂದೇನೇ ಬೇಕು ಅಂತ ಕಾಯ್ಬೇಡಿ.