ಗ್ರೀಸ್ ಯೂರೋ ಬಿಟ್ಟು ದ್ರಾಕ್ಮಾಗೆ ಯಾಕೆ ವಾಪಸ್ ಹೋಗಲಿಲ್ಲ?

ನೀವು ಕೇಳಿದ್ದು ಇಷ್ಟು: 2015ರಲ್ಲಿ ಗ್ರೀಸ್ ಸಾಲ ತೀರಿಸೋಕಾಗಲ್ಲ ಅಂತ ಕೈಯೆತ್ತಿ, ಯೂರೋ ಬಿಟ್ಟು, ತನ್ನ ಹಳೇ ದ್ರಾಕ್ಮಾ ಅಚ್ಚು ಹಾಕಿಕೊಂಡಿದ್ದರೆ ಬಚಾವಾಗುತ್ತಿರಲಿಲ್ವಾ ಅಂತ. ನಾನು ಬ್ಯಾಂಕ್ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತವನು. ಅಲ್ಲಿಂದ ಕಂಡ ಹಾಗೆ ಹೇಳುತ್ತೇನೆ.

ಸಾಲ ಕಟ್ಟದೇ ಇರುವುದು ಬೇರೆ, ಯೂರೋ ಬಿಡುವುದು ಬೇರೆ. ಮೊದಲನೆಯದನ್ನು ಗ್ರೀಸ್ ಮಾಡಿಯೇ ಇತ್ತು. 2012ರ ಮಾರ್ಚ್‌ನಲ್ಲಿ ಖಾಸಗಿಯವರ ಕೈಲಿದ್ದ ಗ್ರೀಸ್ ಸರ್ಕಾರದ ಬಾಂಡುಗಳ (ಸಾಲಪತ್ರಗಳ) ಅಸಲಿಗೇ 53.5% ಕತ್ತರಿ ಬಿತ್ತು. 2015ರ ಜೂನ್ 30ಕ್ಕೆ ಐಎಂಎಫ್‌ಗೆ (ಅಂತರರಾಷ್ಟ್ರೀಯ ಹಣಕಾಸು ನಿಧಿಗೆ) ಕಟ್ಟಬೇಕಿದ್ದ 150 ಕೋಟಿ ಯೂರೋಗೂ ಜಾಸ್ತಿ ಮೊತ್ತದ ಕಂತು ತಪ್ಪಿತು (ಮುಂದಿನ ತಿಂಗಳು ಕಟ್ಟಿದರು ಬಿಡಿ). ಎರಡು ಸಲವೂ ದೇಶ ಯೂರೋದಲ್ಲೇ ಉಳಿಯಿತು.

ಕಷ್ಟ ಇರುವುದು ಎರಡನೆಯದರಲ್ಲಿ. ದ್ರಾಕ್ಮಾ ಬಂದರೆ ಅದರ ಬೆಲೆ ಬೀಳುತ್ತೆ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಗುಸುಗುಸು ಶುರುವಾದರೇ ಸಾಕು, ಜನ ಯೂರೋ ತೆಗೆದು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ನೀವಾದರೂ ಅದನ್ನೇ ಮಾಡುತ್ತಿದ್ದಿರಿ, ಅಲ್ವಾ? ಜೂನ್ 28ಕ್ಕೆ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಗ್ರೀಕ್ ಬ್ಯಾಂಕುಗಳಿಗೆ ಕೊಡುತ್ತಿದ್ದ ತುರ್ತು ಸಾಲವನ್ನು ಇನ್ನು ಏರಿಸಲ್ಲ ಎಂದಿತು. ಮರುದಿನದಿಂದ ಮೂರು ವಾರ ಬ್ಯಾಂಕುಗಳಿಗೆ ಬೀಗ. ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ. 20ರ ನೋಟು ಖಾಲಿಯಾದ ಕಡೆ ಅದೂ ಇಲ್ಲ, ಒಂದೇ ಒಂದು 50ರ ನೋಟು. ಕಾರ್ಡ್ ಇಲ್ಲದ ಪಿಂಚಣಿದಾರರಿಗಾಗಿ ಸುಮಾರು ಸಾವಿರ ಶಾಖೆ ತೆರೆದು, ಹೆಸರಿನ ಮೊದಲ ಅಕ್ಷರ ನೋಡಿ ದಿನ ಗೊತ್ತು ಮಾಡಿ, ತಲೆಗೆ 120 ಯೂರೋ ಕೊಟ್ಟರು. ಮರುವರ್ಷ ನಮ್ಮಲ್ಲಿ ನೋಟ್ ಬ್ಯಾನ್ ಆದಾಗ ಕೌಂಟರಿನ ಈಚೆ ಕೂತ ನನಗೆ ನೆನಪಾಗಿದ್ದು ಆ ಮುದುಕರ ಕ್ಯೂ. ಆದರೆ ನಮ್ಮ ಕೈಗೆ ಬಂದಿದ್ದು ರೂಪಾಯಿಯೇ. ಅಲ್ಲಿ ಕೈಗೆ ಏನು ಬರುತ್ತೋ ಅನ್ನೋದೇ ಗೊತ್ತಿರಲಿಲ್ಲ.

ಅರ್ಜೆಂಟೀನಾ ಮಾಡಲಿಲ್ವಾ ಅಂತ ಕೇಳಬಹುದು. ಒಂದು ಪೆಸೋಗೆ ಒಂದು ಡಾಲರ್ ಅನ್ನೋ ಕಟ್ಟನ್ನು ಅವರು 2002ರ ಜನವರಿಯಲ್ಲಿ ಬಿಟ್ಟರು. ಆರೇ ತಿಂಗಳಲ್ಲಿ ಒಂದು ಡಾಲರಿಗೆ ಮೂರೂವರೆ ಪೆಸೋ ದಾಟಿತು. ಆದರೂ ಅವರ ಜೇಬಿನಲ್ಲಿ ಪೆಸೋ ಅನ್ನೋ ನೋಟಾದರೂ ಇತ್ತು. ಗ್ರೀಸ್ ನೋಟು ಅಚ್ಚು ಹಾಕೋದರಿಂದಲೇ ಶುರು ಮಾಡಬೇಕಿತ್ತು. ಸಾಲವೋ ಯೂರೋದಲ್ಲೇ ಇರುತ್ತಿತ್ತು. 2012ಕ್ಕೆ ಮುಂಚೆ ಬಹುಪಾಲು ಬಾಂಡುಗಳು ಗ್ರೀಸಿನ ಕಾನೂನಿನಡಿ ಇದ್ದವು, ಪಾರ್ಲಿಮೆಂಟಿನಲ್ಲಿ ಒಂದು ಕಾಯ್ದೆ ಮಾಡಿ ದ್ರಾಕ್ಮಾಗೆ ತಿರುಗಿಸಬಹುದಿತ್ತು. ಅವುಗಳ ಬದಲಿಗೆ ಕೊಟ್ಟ ಹೊಸ ಬಾಂಡುಗಳು ಇಂಗ್ಲೆಂಡಿನ ಕಾನೂನಿನಡಿ. ಆ ದಾರಿಯೂ ಮುಚ್ಚಿತು.

ಜುಲೈ 5ರ ಜನಮತದಲ್ಲಿ 61% ಜನ ಸಾಲ ಕೊಟ್ಟವರ ಷರತ್ತು ಬೇಡ ಅಂದರು. ಯೂರೋ ಬೇಡ ಅಂದಿರಲಿಲ್ಲ. ಹಾಗಾಗಿ ಪ್ರಧಾನಿ ಸಿಪ್ರಾಸ್ ಒಂದೇ ವಾರದಲ್ಲಿ 8,600 ಕೋಟಿ ಯೂರೋವರೆಗಿನ ಮೂರನೇ ಸಾಲಕ್ಕೆ, ಅದರ ಷರತ್ತುಗಳಿಗೂ ಒಪ್ಪಿಕೊಂಡರು.

ಯೂರೋದಲ್ಲೇ ಉಳಿದದ್ದು ಸಸ್ತಾ ಆಯಿತು ಅಂತ ನಾನು ಹೇಳಲ್ಲ. ಆರ್ಥಿಕತೆ ಕಾಲು ಭಾಗ ಕುಗ್ಗಿತ್ತು, 2013ರಲ್ಲಿ ನಿರುದ್ಯೋಗ 27% ಮುಟ್ಟಿತ್ತು. ನನ್ನ ಲೆಕ್ಕದಲ್ಲಿ ತಪ್ಪಾಗಿದ್ದು 2010ರಲ್ಲಿ. ಆಗಲೇ ಅಸಲಿಗೆ ಕತ್ತರಿ ಹಾಕಬೇಕಿತ್ತು. ಅದು ಬಿಟ್ಟು ಯೂರೋ ದೇಶಗಳೂ ಐಎಂಎಫೂ ಸೇರಿ 11,000 ಕೋಟಿ ಯೂರೋ ಹೊಸ ಸಾಲ ಕೊಟ್ಟರು. ಅದರಲ್ಲಿ ದೊಡ್ಡ ಪಾಲು ಹಳೇ ಸಾಲ ಕೊಟ್ಟವರಿಗೇ ವಾಪಸ್ ಹೋಯಿತು.