ಚೀನಾ ಚೆಸ್, ಕೊರಿಯಾ ಚೆಸ್ ಎರಡೂ ಒಂದೇನಾ? ಯಾವುದನ್ನು ಮೊದಲು ಕಲಿಯಲಿ?

ಮಾಮೂಲಿ ಚೆಸ್ ಬರುತ್ತದೆ, ಈ ಎರಡರ ಪಟ ನೋಡಿದರೆ ಒಂದೇ ಥರ ಇದೆ, ವ್ಯತ್ಯಾಸ ಏನು ಅಂತ ಕೇಳಿದ್ದೀರಿ. ಪಟ ಹೆಚ್ಚುಕಡಿಮೆ ಒಂದೇ. ಉದ್ದಕ್ಕೆ 9 ಗೆರೆ, ಅಡ್ಡಕ್ಕೆ 10 ಗೆರೆ. ನಮ್ಮ ಆಡು-ಹುಲಿ ಆಟದ ಹಾಗೆ ಕಾಯಿಗಳು ಗೆರೆ ಸೇರುವ ಜಾಗದಲ್ಲಿ ಕೂರುತ್ತವೆ. ಒಬ್ಬೊಬ್ಬರಿಗೆ 16 ಕಾಯಿ. ಆದರೆ ಆಡಲು ಕೂತರೆ ಎರಡೂ ಬೇರೆ ಬೇರೆ ಆಟ. ಅದು ಗೊತ್ತಾಗಬೇಕು ಅಂದರೆ ಫಿರಂಗಿ ಅನ್ನುವ ಕಾಯಿಯನ್ನು ನೋಡಬೇಕು.

ಅದಕ್ಕೂ ಮೊದಲು ಹೆಸರಿನ ವಿಷಯ. ನಮ್ಮಲ್ಲಿ ಆನೆ ನೇರಕ್ಕೆ ಹೋಗುತ್ತದೆ ಅಲ್ವಾ? ಅಲ್ಲಿ ಆ ಕೆಲಸ ರಥದ್ದು. ಚೀನಾದ ಆನೆ ಓರೆಯಾಗಿ ಎರಡೇ ಹೆಜ್ಜೆ ಇಡುತ್ತದೆ, ಪಟದ ನಡುವೆ ಎರಡು ಪಕ್ಷಗಳನ್ನು ಬೇರೆ ಮಾಡುವ ಪಟ್ಟಿಯನ್ನು, ಅಂದರೆ ನದಿಯನ್ನು, ದಾಟುವುದಿಲ್ಲ. ಶುರುವಿನಲ್ಲಿ ನಾನು ಎಷ್ಟೋ ಸಲ ರಥವನ್ನು ಆನೆ ಅಂತಲೇ ಕರೆದು ಎದುರಿನವರನ್ನು ಗೊಂದಲಕ್ಕೆ ಹಾಕಿದ್ದೇನೆ.

ಈಗ ಫಿರಂಗಿ. ಚೀನಾದ ಶಿಯಾಂಗ್‌ಛಿಯಲ್ಲಿ ಅದು ರಥದಂತೆಯೇ ನೇರಕ್ಕೆ ಓಡಾಡುತ್ತದೆ. ಹೊಡೆಯಬೇಕಾದರೆ ಮಾತ್ರ ನಡುವೆ ಒಂದು ಕಾಯಿ ಇರಬೇಕು, ಅದನ್ನು ಹಾರಿ ಆಚೆ ಇರುವುದನ್ನು ಹೊಡೆಯುತ್ತದೆ. ಆಡು-ಹುಲಿಯಲ್ಲಿ ಹುಲಿ ಯಾವ ಆಡನ್ನು ಹಾರುತ್ತದೋ ಅದೇ ಸಾಯುತ್ತದೆ. ಇಲ್ಲಿ ಹಾರಿಸಿಕೊಂಡ ಕಾಯಿಗೆ ಏನೂ ಆಗುವುದಿಲ್ಲ, ಅದರ ಹಿಂದೆ ಇದ್ದದ್ದು ಹೋಗುತ್ತದೆ. ಬೇಕಾದರೆ ಮೊದಲ ನಡೆಯಲ್ಲೇ ಎದುರಾಳಿಯ ಫಿರಂಗಿಯ ಮೇಲಿಂದ ಹಾರಿ ಅವರ ಕುದುರೆ ತೆಗೆಯಬಹುದು. ಹೊಸಬರೆಲ್ಲ ಇದನ್ನು ಮಾಡುತ್ತಾರೆ, ಪಕ್ಕದ ರಥ ಬಂದು ಆ ಫಿರಂಗಿಯನ್ನು ತಿಂದುಬಿಡುತ್ತದೆ. ಅನುಭವ ಇದ್ದವರು ಅದನ್ನು ನಡುಗೆರೆಗೆ ತಂದು ನಿಲ್ಲಿಸುತ್ತಾರೆ. ಅಲ್ಲಿಂದ ಎದುರಿನ ನಡುವಿನ ಸೈನಿಕನ ಮೇಲೆ ಗುರಿ ಬೀಳುತ್ತದೆ.

ಕೊರಿಯಾದ ಜಾಂಗ್ಗಿಯಲ್ಲಿ ಅದೇ ಫಿರಂಗಿ ಹೊಡೆಯುವುದಕ್ಕಷ್ಟೇ ಅಲ್ಲ, ಸುಮ್ನೆ ನಡೆಯುವುದಕ್ಕೂ ಒಂದು ಕಾಯಿಯನ್ನು ಹಾರಲೇಬೇಕು. ಇನ್ನೊಂದು ಫಿರಂಗಿಯನ್ನು ಹಾರುವಂತಿಲ್ಲ, ಹೊಡೆಯುವಂತೆಯೂ ಇಲ್ಲ. ಹಾಗಾಗಿ ಆಟ ಶುರುವಾದಾಗ ಅದು ಕದಲುವುದೇ ಇಲ್ಲ! ನೀವು ಕುದುರೆಯನ್ನೋ ಮತ್ತೊಂದನ್ನೋ ತಂದು ಅದಕ್ಕೆ ದಾರಿ ಮಾಡಿಕೊಡಬೇಕು. ಇಷ್ಟು ಸಣ್ಣ ಬದಲಾವಣೆಯಿಂದ ಆಟದ ಓಟವೇ ಬೇರೆಯಾಗುತ್ತದೆ. ಚೀನಾದ್ದರಲ್ಲಿ ನಾಲ್ಕೈದು ನಡೆಯಲ್ಲೇ ಜಗಳ ಶುರು. ಜಾಂಗ್ಗಿಯಲ್ಲಿ ಮೊದಲು ಮನೆ ಜೋಡಿಸಿಕೊಳ್ಳಬೇಕು.

ಕೊರಿಯಾದವರು ನದಿಯನ್ನೂ ಬಿಟ್ಟಿದ್ದಾರೆ. ಅಲ್ಲಿ ಆನೆ ಎದುರಾಳಿಯ ಅರ್ಧಕ್ಕೂ ಹೋಗುತ್ತದೆ, ಸೈನಿಕರು ಮೊದಲಿಂದಲೇ ಪಕ್ಕಕ್ಕೂ ನಡೆಯುತ್ತಾರೆ. ನದಿ ಹೋದರೂ ಅದರ ಕಥೆ ಉಳಿದಿದೆ, ಇದು ನನಗೆ ತುಂಬಾ ಇಷ್ಟ. ಚೀನಾದ ಪಟದ ನದಿ ಕ್ರಿ.ಪೂ. 206ರಿಂದ 202ರವರೆಗೆ ಛೂ ಮತ್ತು ಹಾನ್ ಪಕ್ಷಗಳ ನಡುವೆ ನಡೆದ ಯುದ್ಧದ ಗಡಿ. ಜಾಂಗ್ಗಿಯಲ್ಲಿ ಅದೇ ಎರಡು ಹೆಸರು ಎರಡೂ ಕಡೆಯ ಸೇನಾಪತಿ ಕಾಯಿ (ನಮ್ಮ ಚೆಸ್‌ನ ರಾಜನ ಹಾಗೆ) ಮೇಲೆ ಇವೆ.

ಇನ್ನೊಂದು ದೊಡ್ಡ ವ್ಯತ್ಯಾಸ ಕೊನೆಯಲ್ಲಿ ಸಿಗುತ್ತದೆ. ಶಿಯಾಂಗ್‌ಛಿಯಲ್ಲಿ ನಡೆಸಲು ದಾರಿಯೇ ಇಲ್ಲದಿದ್ದರೆ ನೀವು ಸೋತ ಹಾಗೆ. ನಮ್ಮ ಚೆಸ್‌ನಲ್ಲಾದರೆ ಅದು ಡ್ರಾ. ಜಾಂಗ್ಗಿಯಲ್ಲಿ ಸರದಿಯನ್ನೇ ಬಿಟ್ಟುಕೊಡಬಹುದು. ಅಲ್ಲಿ ಯಾರೂ ಯಾರನ್ನೂ ಕಟ್ಟಿಹಾಕಲಾಗದಿದ್ದರೆ ಪಂದ್ಯಗಳಲ್ಲಿ ಅಂಕ ಎಣಿಸುತ್ತಾರೆ. ರಥಕ್ಕೆ 13, ಫಿರಂಗಿಗೆ 7, ಕುದುರೆಗೆ 5, ಆನೆಗೂ ಕಾವಲುಗಾರನಿಗೂ 3, ಸೈನಿಕನಿಗೆ 2. ಎರಡನೆಯದಾಗಿ ಆಡುವವರಿಗೆ ಒಂದೂವರೆ ಅಂಕ ಜಾಸ್ತಿ ಕೊಡುತ್ತಾರೆ, ಹಾಗಾಗಿ ಎರಡೂ ಕಡೆ ಸಮ ಆಗುವ ಮಾತೇ ಇಲ್ಲ.

ಮೊದಲು ಶಿಯಾಂಗ್‌ಛಿಯನ್ನೇ ಕಲಿಯಿರಿ. ಫಿರಂಗಿ ಕೈಗೆ ಹತ್ತಿದ ಮೇಲೆ ಜಾಂಗ್ಗಿಗೆ ಬನ್ನಿ. ಸೆಟ್ ಕೊಳ್ಳಲೇಬೇಕು ಅಂತಿಲ್ಲ. ನಾನು ಎರಡು ಸೆಟ್ ಕೇರಂ ಕಾಯಿಗಳ ಮೇಲೆ ಚೀಟಿ ಅಂಟಿಸಿ ಕನ್ನಡದಲ್ಲೇ ರ, ಕು, ಆ, ಫಿ ಅಂತ ಬರೆದುಕೊಂಡೆ. ಬಿಳಿ 18, ಕಪ್ಪು 18 ಸಿಗುತ್ತವೆ, ಬೇಕಾದದ್ದು 16 ತಾನೇ.

ಮನೆಯಲ್ಲಿ ಮಕ್ಕಳಿದ್ದರೆ ತೈವಾನ್‌ನಲ್ಲಿ ತುಂಬಾ ಆಡುವ ಅನ್‌ಛಿ ಅನ್ನುವ ರೂಪವನ್ನು ಖಂಡಿತ ಆಡಿ ನೋಡಿ. ಅರ್ಧ ಪಟ ಸಾಕು. 32 ಕಾಯಿಗಳನ್ನೂ ಕಲಸಿ, ಮಗುಚಿ, 32 ಚೌಕಗಳ ಒಳಗೆ ಇಡಬೇಕು. ಸರದಿ ಬಂದಾಗ ಒಂದನ್ನು ತಿರುಗಿಸಬಹುದು, ಇಲ್ಲವೇ ತೆರೆದಿರುವ ನಿಮ್ಮ ಕಾಯಿಯನ್ನು ಒಂದು ಚೌಕ ನಡೆಸಬಹುದು. ದೊಡ್ಡ ಕಾಯಿ ಚಿಕ್ಕದನ್ನು ತಿನ್ನುತ್ತದೆ. ಎಲ್ಲರಿಗಿಂತ ಚಿಕ್ಕವನಾದ ಸೈನಿಕ ಮಾತ್ರ ಸೇನಾಪತಿಯನ್ನೇ ಹೊಡೆಯಬಲ್ಲ! ಫಿರಂಗಿ ಇಲ್ಲೂ ಒಂದು ಕಾಯಿಯನ್ನು ಹಾರಿ ಯಾರನ್ನು ಬೇಕಾದರೂ ಹೊಡೆಯುತ್ತದೆ. ಇದಕ್ಕೆ ಕೇರಂ ಕಾಯಿ ಆಗುವುದಿಲ್ಲ, ಮಗುಚಿಟ್ಟರೂ ಬಣ್ಣ ಗೊತ್ತಾಗಿಬಿಡುತ್ತದೆ. ಒಂದೇ ಬಣ್ಣದ ರಟ್ಟನ್ನು ದುಂಡಗೆ ಕತ್ತರಿಸಿ, ಒಂದು ಕಡೆ ಮಾತ್ರ ಕೆಂಪು ಮತ್ತು ಕಪ್ಪು ಪೆನ್ನಿನಲ್ಲಿ ಬರೆದುಕೊಳ್ಳಿ.